ಅಳಿಸಿಹೋದ ‘ಎಲ್’

ಚಾರ್ಜರ್ ಹುಡುಕೋಣ ಅಂತ ಡ್ರಾಯರ್ ತೆಗೆದೆ. ಕೈಗೆ ಬಂದದ್ದು ಹಳೇ ವೈರ್ ಇಯರ್‌ಫೋನ್.

ಸಿಕ್ಕು ಅಂದರೆ ಸಿಕ್ಕು. ಕೂತು ನಿಧಾನಕ್ಕೆ ಬಿಡಿಸಿದೆ. ಎಡಗಿವಿಯದರ ಮೇಲಿದ್ದ ‘ಎಲ್’ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಪಿನ್ ಹತ್ತಿರ ವೈರ್ ಬಿರುಕು ಬಿಟ್ಟಾಗ ಸುತ್ತಿದ್ದ ಟೇಪ್ ಮಾತ್ರ ಇನ್ನೂ ಹಾಗೇ ಇದೆ.

ಫೋನಿಗೆ ಹಾಕೋಣ ಅಂದರೆ ಅದರಲ್ಲಿ ತೂತೇ ಇಲ್ಲ. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ಹಾಡು ಬಂತು! ಎರಡೂ ಕಿವಿಯಲ್ಲಿ! ಎಷ್ಟು ಖುಷಿಯಾಯ್ತು ಗೊತ್ತಾ?

2016ರಲ್ಲಿ ಐಫೋನ್ 7 ಬಂದಾಗ ಆ ತೂತನ್ನು, ಅಂದರೆ 3.5 ಎಂಎಂ ಜ್ಯಾಕನ್ನು, ತೆಗೆದುಬಿಟ್ಟರು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ವೈರ್‌ಲೆಸ್ ಆರಾಮ, ಇಲ್ಲ ಅನ್ನಲ್ಲ. ಆದರೆ ಒಳಗಿನ ಪುಟ್ಟ ಬ್ಯಾಟರಿ ಬಳಸಿದಷ್ಟೂ ಸೊರಗುತ್ತದೆ. ಹೆಚ್ಚಿನ ಇಯರ್‌ಬಡ್‌ಗಳಲ್ಲಿ ಅದನ್ನು ಬದಲಾಯಿಸುವುದೇ ಕಷ್ಟ. ಸ್ಪೀಕರ್ ಚೆನ್ನಾಗಿದ್ದರೂ ಇಡೀ ವಸ್ತುವನ್ನೇ ಎಸೆಯಬೇಕು. ನನಗಂತೂ ಇದು ಸರಿ ಕಾಣಲ್ಲ.

1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್ ಕ್ಯಾಸೆಟ್ ಪ್ಲೇಯರ್‌ನಲ್ಲಿ ಎರಡು ಜ್ಯಾಕ್ ಇದ್ದವು. ಇಬ್ಬರು ಒಟ್ಟಿಗೆ ಕೇಳಲಿ ಅಂತ. ಎಂಥ ಒಳ್ಳೇ ಯೋಚನೆ ಅಲ್ವಾ!

ನಮಗೆ ಇದ್ದದ್ದು ಒಂದೇ ಜ್ಯಾಕ್. ಅಕ್ಕನಿಗೆ ಎಡ, ನನಗೆ ಬಲ. ವೈರ್ ಚಿಕ್ಕದು, ತಲೆಗೆ ತಲೆ ತಾಗುತ್ತಿತ್ತು. ಒಬ್ಬರು ಸುಮ್ನೆ ಅಲುಗಾಡಿದರೂ ಇನ್ನೊಬ್ಬರ ಕಿವಿಯಿಂದ ಕಳಚಿ ಬೀಳುತ್ತಿತ್ತು. ಹಾಡು ಮಾತ್ರ ಇಬ್ಬರಿಗೂ ಅದೇ, ಅದೇ ಕ್ಷಣಕ್ಕೆ.

ಆ ‘ಎಲ್’ ಸವೆದದ್ದು ಅವಳ ಬೆರಳಿಗೇ ಇರಬೇಕು. ಫೋಟೋ ತೆಗೆದು ಅವಳಿಗೆ ಕಳಿಸಿದ್ದೇನೆ. ಇನ್ನೂ ನೋಡಿಲ್ಲ.