ಕೊನೆಯ ಕಂತು ಗೊತ್ತಿಲ್ಲದೆ ಮೊದಲ ಕಂತಿಗೆ ಮಾತು ಬರೆಯುವುದು

ನಾನು ಡಬ್ಬಿಂಗ್ ಸಂಭಾಷಣೆ ಬರೆಯುವವಳು. ಬೇರೆ ಭಾಷೆಯ ಧಾರಾವಾಹಿ, ವೆಬ್ ಸರಣಿ, ಕಾರ್ಟೂನುಗಳು ಕನ್ನಡಕ್ಕೆ ಬರುವಾಗ ಪಾತ್ರಗಳ ತುಟಿಗೆ ಹೊಂದುವ ಹಾಗೆ ಮಾತು ಕೂರಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ನಮಗೆ ದಾರಿ ತೋರಿಸುವ ಹಿರಿಯರು ಕಡಿಮೆ. ಸಿನಿಮಾ, ಧಾರಾವಾಹಿಗಳ ಡಬ್ಬಿಂಗ್ ಕರ್ನಾಟಕದಲ್ಲಿ ದಶಕಗಳ ಕಾಲ ನಿಂತೇ ಹೋಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ತೆರೆಯಿತು, 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಕನ್ನಡದಲ್ಲಿ ಮನೆಮನೆಗೆ ಬಂತು. ಹಾಗಾಗಿ ಹೊರಗಿನವರು ಮಾಡಿದ ಕೆಲಸ ನೋಡಿಯೇ ನಾವು ಕಲಿಯಬೇಕು. ತಂಡಕ್ಕೆ ಹೊಸಬರು ಬಂದರೆ ನಾನು ಮೊದಲು ಕೂರಿಸಿ ತೋರಿಸುವುದು ಫ್ರೂಟ್ಸ್ ಬಾಸ್ಕೆಟ್ ಎಂಬ ಅನಿಮೆಯ, ಅಂದರೆ ಜಪಾನಿ ಕಾರ್ಟೂನ್ ಸರಣಿಯ, ಎರಡು ರೂಪಗಳನ್ನು. ಒಂದು 2001ರದ್ದು, ಇನ್ನೊಂದು 2019ರಲ್ಲಿ ಶುರುವಾದದ್ದು. (ಕಥೆಯ ದೊಡ್ಡ ಗುಟ್ಟೊಂದನ್ನು ಇಲ್ಲಿ ಹೇಳಲೇಬೇಕು. ಸರಣಿ ನೋಡಬೇಕು ಅಂದುಕೊಂಡಿರುವವರು ನೋಡಿ ಬಂದು ಮುಂದೆ ಓದಿ.)

ಎರಡಕ್ಕೂ ಮೂಲ ಒಂದು ಮಂಗಾ, ಅಂದರೆ ಜಪಾನಿ ಚಿತ್ರಕಥೆ. ಅದನ್ನು ನಾತ್ಸುಕಿ ತಕಾಯ 1998ರಿಂದ 2006ರವರೆಗೆ ಬರೆದರು, ಒಟ್ಟು 23 ಸಂಪುಟ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ತೊಹ್ರು ಎಂಬ ಹುಡುಗಿ ಸೋಮ ಮನೆತನದವರ ಆಸರೆಗೆ ಬರುತ್ತಾಳೆ. ಆ ಮನೆತನದ ಕೆಲವರ ಮೇಲೊಂದು ಶಾಪ. ಹುಡುಗನನ್ನು ಹುಡುಗಿ, ಹುಡುಗಿಯನ್ನು ಹುಡುಗ ತಬ್ಬಿಕೊಂಡರೆ ಅವರು ಜಪಾನಿ ರಾಶಿಚಕ್ರದ ಒಂದೊಂದು ಪ್ರಾಣಿಯಾಗಿಬಿಡುತ್ತಾರೆ. 2001ರಲ್ಲಿ ಸ್ಟುಡಿಯೋ ಡೀನ್ ಇದನ್ನು ಅಕಿತಾರೊ ದಾಯ್ಚಿ ನಿರ್ದೇಶನದಲ್ಲಿ 26 ಕಂತು ಮಾಡಿದಾಗ ಮಂಗಾ ಇನ್ನೂ ನಡೆಯುತ್ತಲೇ ಇತ್ತು. 2019ರದ್ದು ಟಿಎಂಎಸ್ ಸಂಸ್ಥೆಯದು. ಮೂರು ಸೀಸನ್, 63 ಕಂತು, 2021ಕ್ಕೆ ಮುಗಿಯಿತು. ಇದು ಮಂಗಾದ ಕೊನೆಯವರೆಗೂ ಹೋಗುತ್ತದೆ.

ಹಳೆಯದು ಕಳಪೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದಾಯ್ಚಿಯವರ ಹಾಸ್ಯದ ಓಟ, ರಿತ್ಸುಕೊ ಒಕಾಜಾಕಿ ಹಾಡಿದ ಶೀರ್ಷಿಕೆ ಗೀತೆಯ ಮೆಲುದನಿ ಹೊಸದರಲ್ಲಿ ಸಿಗುವುದಿಲ್ಲ. ನಾನು ತೋರಿಸಬೇಕೆಂದಿರುವುದು ಬೇರೆಯದು.

ಆ ಮನೆತನಕ್ಕೆಲ್ಲ ಒಡೆಯರಂತೆ ಇರುವ ಪಾತ್ರ ಅಕಿತೊ. ಗಂಡಸಿನ ಉಡುಪು, ಗಂಡಸಿನ ಠೀವಿ. ಶಾಪವಿರುವ ಹುಡುಗರನ್ನು ತಬ್ಬಿಕೊಂಡರೂ ಅವರು ಪ್ರಾಣಿಯಾಗುವುದಿಲ್ಲ, ಆದ್ದರಿಂದ ನೋಡುವವರಿಗೆ ಅನುಮಾನವೇ ಬರುವುದಿಲ್ಲ. ಮಂಗಾ ಬಹಳ ದೂರ ಸಾಗಿದ ಮೇಲೆ ಅಕಿತೊ ಹೆಣ್ಣು, ಹುಟ್ಟಿನಿಂದ ಗಂಡಾಗಿ ಬೆಳೆಸಲಾಗಿತ್ತು ಎಂದು ಗೊತ್ತಾಗುತ್ತದೆ. 2001ರ ಸರಣಿ ಆ ಪಾತ್ರವನ್ನು ಗಂಡೆಂದೇ ನಡೆಸಿಕೊಂಡಿತು. ಆದರೂ ಜಪಾನಿಯಲ್ಲಿ ದನಿ ಕೊಟ್ಟವರು ವಕಾನಾ ಯಮಾಜಾಕಿ ಎಂಬ ಕಲಾವಿದೆ. ಅನಿಮೆಯಲ್ಲಿ ಹುಡುಗರ ಪಾತ್ರಕ್ಕೆ ಹೆಂಗಸರು ದನಿ ಕೊಡುವುದು ಮಾಮೂಲಿ, ಹಾಗಾಗಿ ಪಾತ್ರ ಗಂಡಾದರೂ ಹೆಣ್ಣಾದರೂ ಆ ದನಿ ನಡೆಯುತ್ತಿತ್ತು. ಅಮೆರಿಕದ ಫ್ಯೂನಿಮೇಶನ್ ಸಂಸ್ಥೆಯ ಇಂಗ್ಲಿಷ್ ಡಬ್‌ನಲ್ಲಿ ಮಾತ್ರ ಚಾಡ್ ಕಾಕ್ಸ್ ಎಂಬ ಗಂಡಸಿನ ದನಿ ಬಂತು. ಮುಂದಿನ ಸಂಪುಟಗಳು ಇನ್ನೂ ಬಂದಿರದಿದ್ದಾಗ ಅವರಿಗೆ ಬೇರೆ ದಾರಿ ಹೊಳೆಯುವಂತೆಯೂ ಇರಲಿಲ್ಲ. 2019ರ ಇಂಗ್ಲಿಷ್ ಡಬ್‌ಗೆ ತೊಹ್ರು ಆಗಿ ಲಾರಾ ಬೇಲಿ, ಸೋಮ ಮನೆತನದ ಹುಡುಗರಾದ ಕ್ಯೊ ಆಗಿ ಜೆರ್ರಿ ಜ್ಯೂವೆಲ್, ಯುಕಿ ಆಗಿ ಎರಿಕ್ ವೇಲ್ ಮರಳಿ ಬಂದರು. ಅಕಿತೊ ಮಾತ್ರ ಕಾಲೀನ್ ಕ್ಲಿಂಕನ್‌ಬಿಯರ್ಡ್ ಎಂಬ ಕಲಾವಿದೆಯ ಪಾಲಾಯಿತು.

ಇಲ್ಲಿಗೆ ನಿಲ್ಲಿಸಿ ಹೊಸಬರಿಗೆ ಒಂದು ಅಭ್ಯಾಸ ಕೊಡುತ್ತೇನೆ. ಅಕಿತೊ ಬಗ್ಗೆ ಬೇರೆಯವರು ಆಡುವ ಮಾತುಗಳನ್ನು ಕನ್ನಡದಲ್ಲಿ ಬರೆಯಿರಿ, ಗುಟ್ಟು ಒಡೆಯಬಾರದು, ಸುಳ್ಳೂ ಆಗಬಾರದು. ಕನ್ನಡದಲ್ಲಿ ಇದು ಕಷ್ಟ, ಏಕೆಂದರೆ ನಮ್ಮ ಕ್ರಿಯಾಪದದ ಬಾಲದಲ್ಲೇ ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ಹಿರಿಯರ ಬಗ್ಗೆ ಗೌರವದಿಂದ ಮಾತಾಡುವವರಿಗೆ 'ಅವರು ಬಂದಿದ್ದಾರೆ' ಸಾಕು. ಕ್ಯೊ ಹಾಗಲ್ಲ, ಸಿಡುಕ, ಅವನ ಬಾಯಲ್ಲಿ ಬಹುವಚನ ಕೂರುವುದಿಲ್ಲ. ಅಲ್ಲಿ 'ಅಕಿತೊಗೆ ಸಿಟ್ಟು ಬಂದಿದೆ', 'ಅಕಿತೊಗೆ ಎಲ್ಲಾ ಗೊತ್ತು', 'ಅಕಿತೊ ಹೇಳಿದ್ದೇ ನಡೀಬೇಕಾ?' ಎಂದು ಬರೆದರೆ ಒರಟುತನವೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಯಜಮಾನ ಅಂದರೆ ಕೆಟ್ಟಿತು, 'ಮನೆತನದ ಹಿರೀಕರು' ಅಂದರೆ ಬಚಾವು. ಒಳ್ಳೆಯ ಕಿವಿ ಇರುವ ಹೊಸಬರು ಇಲ್ಲೇ ಗೊತ್ತಾಗುತ್ತಾರೆ.

ತೊಹ್ರು ವಿಷಯ ಇನ್ನೂ ಸೂಕ್ಷ್ಮ. ಅವಳು ತನ್ನ ವಯಸ್ಸಿನ ಹುಡುಗರ ಜೊತೆಗೂ ಬಹಳ ವಿನಯದ ಜಪಾನಿ ಆಡುತ್ತಾಳೆ. ಕನ್ನಡ ಮಾಡುವಾಗ ಕೈ ತಾನಾಗಿ 'ನೀನು' ಕಡೆಗೆ ಹೋಗುತ್ತದೆ, ಕ್ಲಾಸ್‌ಮೇಟನ್ನು ಯಾರು 'ನೀವು' ಅಂತಾರೆ? ಆದರೆ ಆ ವಿನಯಕ್ಕೆ ಕಾರಣವೊಂದಿದೆ. ಅಪ್ಪ ತೀರಿಕೊಂಡಾಗ ಅಮ್ಮನೂ ತನ್ನನ್ನು ಬಿಟ್ಟು ಹೋಗದಿರಲಿ ಎಂದು ಆ ಪುಟ್ಟ ಹುಡುಗಿ ಅಪ್ಪನ ಮಾತಿನ ಧಾಟಿಯನ್ನೇ ತನ್ನದು ಮಾಡಿಕೊಂಡಿರುತ್ತಾಳೆ. ಇದು ತಿಳಿಯುವುದು ಕಥೆ ಬಹಳ ದೂರ ಸಾಗಿದ ಮೇಲೆ. ಮೊದಲ ಕಂತಿನಲ್ಲೇ ಅವಳನ್ನು ಸಲೀಸು ಮಾಡಿದ್ದರೆ ಆ ದೃಶ್ಯಕ್ಕೆ ಬಂದಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನನ್ನ ಕೈಗೆ ಬಂದರೆ 'ನೀವು' ಬಿಡುವುದಿಲ್ಲ, ಮೊದಲ ಕೆಲವು ಕಂತು ಕಿವಿಗೆ ಗಡಸಾದರೂ ಸರಿ.

ಇದಕ್ಕೇ ಹೊಸ ಪ್ರಾಜೆಕ್ಟ್ ಬಂದಾಗ ನಾನು ಮೊದಲು ಕೇಳುವುದು ಕೊನೆಯ ಕಂತಿನವರೆಗಿನ ಕಥಾಸಾರ. ಕಂತುಗಳು ನಾಲ್ಕೈದರ ಗುಂಪಾಗಿ ಬರುವುದೇ ಹೆಚ್ಚು, ಮುಂದಿನದು ಕಳಿಸಲು ಕಳಿಸುವವರಿಗೆ ಪುರುಸೊತ್ತಿಲ್ಲ. ಆದರೂ ಬಿಡದೆ ಕೇಳಬೇಕು. ಸಿಗದಿದ್ದರೆ ಮೂಲ ಪುಸ್ತಕವನ್ನು ನಾವೇ ಓದಬೇಕು. ಆಮೇಲೆ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬ ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತೇವೆ, ಎಂಜಿನಿಯರ್ ಕೂಡ ಅದನ್ನು ನೋಡಿಯೇ ಟೇಕ್ ಓಕೆ ಮಾಡುವುದು. ಇನ್ನೊಂದು ಮಾತು: ಮೂಲ ಜಪಾನಿಯಾದರೂ ನಮಗೆ ಕೊಡುವ ಸ್ಕ್ರಿಪ್ಟ್ ಸಾಮಾನ್ಯವಾಗಿ ಇಂಗ್ಲಿಷಿನದು. ಜಪಾನಿಯಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುತ್ತದೆ, ತಡೆದು ತಡೆದು ಆಡುವ ಮಾತು ಎರಡರಲ್ಲೂ ಒಂದೇ ಕಡೆ ನಿಲ್ಲುತ್ತದೆ. ಇಂಗ್ಲಿಷ್ ಹಾಳೆ ನೋಡಿ ಬರೆದರೆ ಈ ಅನುಕೂಲ ಕೈತಪ್ಪುತ್ತದೆ. ಹೆಡ್‌ಫೋನಿನಲ್ಲಿ ಜಪಾನಿ ದನಿ ಓಡುತ್ತಲೇ ಇರಬೇಕು. ಅನಿಮೆಯಲ್ಲಿ ಬಾಯಿ ಬರೀ ತೆರೆದು ಮುಚ್ಚುವುದರಿಂದ ತುಟಿ ಮುಚ್ಚಿ ಆಡುವ ಪ, ಬ, ಮ ಹೊಂದಿಸುವ ತಲೆನೋವು ನಟರ ಮುಖ ಕಾಣುವ ಸರಣಿಗಳಷ್ಟಿಲ್ಲ, ಉದ್ದ ಮತ್ತು ತಡೆ ಸರಿಯಿದ್ದರೆ ಮುಕ್ಕಾಲು ಗೆದ್ದ ಹಾಗೆ.

ದನಿಗಳ ಆಯ್ಕೆಯಲ್ಲಿ ನಮ್ಮ ತಂಡ ಎರಡು ಹೋಳು. ಲೇಖಕಿಯ ಇಚ್ಛೆಯಂತೆ ಜಪಾನಿನಲ್ಲಿ 2019ಕ್ಕೆ ಎಲ್ಲರೂ ಹೊಸಬರು. ತೊಹ್ರು ಯುಇ ಹೊರಿಯೆಯಿಂದ ಮನಾಕಾ ಇವಾಮಿಗೆ ಹೋದಳು. ಇಂಗ್ಲಿಷಿನವರು ಹಳೆಯ ಪ್ರೇಕ್ಷಕರ ನೆನಪನ್ನು ನಂಬಿದರು. ನನ್ನ ಮನಸ್ಸು ಜಪಾನಿನ ಕಡೆಗೆ, ಇವಾಮಿಯವರ ದನಿಯಲ್ಲಿರುವ ಹಿಂಜರಿಕೆ ಆ ಹುಡುಗಿಗೆ ಬಹಳ ಹತ್ತಿರ.

ಈಗ ತಂಡದಲ್ಲಿ ನಡೆಯುತ್ತಿರುವ ಚರ್ಚೆ, ಇಂಥ ಗುಟ್ಟನ್ನು ಕಲಾವಿದರಿಗೆ ಯಾವಾಗ ಹೇಳಬೇಕು ಎಂಬುದು. ನನ್ನ ಲೆಕ್ಕ ಇಷ್ಟು: ಅದೇ ಮನೆತನದ ಶಿಗುರೆಗೆ ಅಕಿತೊ ಯಾರೆಂದು ಮೊದಲಿನಿಂದ ಗೊತ್ತು, ಆ ಪಾತ್ರ ಮಾಡುವವರಿಗೆ ಮೊದಲ ದಿನವೇ ಹೇಳಿಬಿಡಬೇಕು, ಅವರ 'ಅವರು' ಬೇರೆಯವರ 'ಅವರು' ಥರ ಇರಬಾರದು. ತೊಹ್ರು ಮಾಡುವವರಿಗೆ ಅಕಿತೊ ಗುಟ್ಟು ಒಡೆಯುವ ದೃಶ್ಯ ರೆಕಾರ್ಡ್ ಮಾಡುವ ದಿನ ಹೇಳಿದರೆ ಸಾಕು.