ಗಳಗಳನೆ ಅತ್ತವರು ಯಾರು?

ಮೊನ್ನೆ ತಿದ್ದಲು ಬಂದ ಕತೆಯೊಂದರಲ್ಲಿ ನಾಲ್ಕು ಅಳು ಇದ್ದವು, ನಾಲ್ಕೂ ‘ಗಳಗಳನೆ’. ತೊಟ್ಟಿಲ ಕೂಸು ಗಳಗಳನೆ, ಸಾವಿನ ಮನೆಯವರೆಲ್ಲ ಗಳಗಳನೆ, ಅತ್ತೆಗೆ ಕೇಳಿಸಬಾರದೆಂದು ಅಡುಗೆಮನೆಯಲ್ಲಿ ಅಳುವ ಸೊಸೆಯೂ ಗಳಗಳನೆ, ಕೊನೆಗೆ ಮಗನ ಕಾಗದ ಓದಿದ ಅಪ್ಪನೂ ಗಳಗಳನೆ. ಒಂದು ಮಧ್ಯಾಹ್ನ ಪೂರ್ತಿ ಈ ಪದಕ್ಕೇ ಹೋಯಿತು.

ಉಳಿಸಿಕೊಂಡದ್ದು ಅಪ್ಪನದನ್ನು ಮಾತ್ರ. ಗಳಗಳನೆ ಅಳಬೇಕಾದರೆ ಅಲ್ಲಿಯವರೆಗೆ ತಡೆದುಕೊಂಡಿರಬೇಕು. ಒಮ್ಮೆ ಕಟ್ಟೆ ಒಡೆದ ಮೇಲೆ ನಡುವೆ ನಿಲುಗಡೆ ಇರಬಾರದು. ಬಾಯಿಪಾಠವನ್ನು ‘ಗಳಗಳ’ ಒಪ್ಪಿಸುವ ಹುಡುಗನಲ್ಲೂ ಇರುವುದು ಅದೇ ತಡೆಯಿಲ್ಲದ ಓಟ. ಕೂಸು ಏನನ್ನು ತಡೆದುಕೊಂಡೀತು? ಅದು ರಚ್ಚೆ ಹಿಡಿದು ಅಳುತ್ತದೆ. ಸಾವಿನ ಮನೆಗೆ ‘ಗೊಳೋ’ ಬೇಕು, ಬೀದಿಗೆ ಕೇಳುವ ಅಳು ಅದು. ಸೊಸೆಗೆ ‘ಮುಸುಮುಸು’. ಇಲ್ಲಿ ಬೆರಳು ಜಾರಿ ‘ಮುಸಿಮುಸಿ’ ಆದರೆ ಓದುಗರ ಕಿವಿ ‘ನಕ್ಕಳು’ ಎಂಬುದಕ್ಕೆ ಕಾಯುತ್ತದೆ.

ಸೊಸೆಗೆ ‘ಬಿಕ್ಕಿ ಬಿಕ್ಕಿ’ ಯಾಕಾಗದು ಎಂದು ಕತೆಗಾರರು ಕೇಳಿದರು. ಬಿಕ್ಕುವುದು ಉಸಿರಿನ ಕೆಲಸ. ಉಸಿರು ತುಂಡಾಗುತ್ತದೆ, ಭುಜ ಕುಲುಕುತ್ತದೆ, ಸದ್ದು ತಡೆದರೂ ಎದುರಿಗಿದ್ದವರಿಗೆ ಗೊತ್ತಾಗಿಬಿಡುತ್ತದೆ. ವ್ಯಾಕರಣದಲ್ಲೂ ಇದರ ಜಾತಿ ಬೇರೆ. ‘ಗಳಗಳ’ ಅನುಕರಣಾವ್ಯಯ, ಬರಿ ಸದ್ದು. ‘ಬಿಕ್ಕಿ’ ಬಂದಿರುವುದು ‘ಬಿಕ್ಕು’ ಎಂಬ ಕ್ರಿಯೆಯಿಂದ. ಹಾಗಾಗಿ ‘ಅವಳು ಬಿಕ್ಕಿದಳು’ ಎನ್ನಬಹುದು, ‘ಗಳಗಳಿದಳು’ ಎನ್ನಲಾಗದು. ಬಿಕ್ಕಿದವರೇ ಅಳಬೇಕು ಎಂಬ ಕಟ್ಟೂ ಇದೆ: ‘ಗಳಗಳನೆ ಕಣ್ಣೀರು ಸುರಿಯಿತು’ ಸರಿ, ‘ಬಿಕ್ಕಿ ಬಿಕ್ಕಿ ಕಣ್ಣೀರು ಸುರಿಯಿತು’ ತಪ್ಪು. ಕಣ್ಣೀರು ಬಿಕ್ಕುವುದಿಲ್ಲವಲ್ಲ!

ಇನ್ನೊಂದು ಎಡವಟ್ಟು ಬಾಲದ್ದು. ‘ಗಳಗಳನೆ ಎಂದು ಅತ್ತರು’ ಎಂದು ಹಸ್ತಪ್ರತಿಯಲ್ಲಿತ್ತು. ‘-ಅನೆ’ ಆಗಲೇ ‘ಎಂದು’ವಿನ ಕೆಲಸ ಮಾಡಿ ಮುಗಿಸಿದೆ, ಎರಡನ್ನೂ ಹಚ್ಚಿದರೆ ಅಂಗಿಯ ಮೇಲೆ ಅಂಗಿ. ‘ಗಳಗಳನೆ ಅತ್ತರು’ ಅಥವಾ ‘ಗಳಗಳ ಎಂದು ಅತ್ತರು’, ಎರಡರಲ್ಲಿ ಒಂದು ಸಾಕು. ‘ಗೊಳೋ’ಗೆ ಮಾತ್ರ ಆ ಬಾಲವಿಲ್ಲ, ಹಾಗಾಗಿ ಅದಕ್ಕೆ ‘ಎಂದು’ ಬೇಕೇ ಬೇಕು. ಮಾತಿನಲ್ಲಾದರೆ ‘ಗೊಳೋ ಅಂತ’.

ಅಪ್ಪನ ವಾಕ್ಯದಲ್ಲಿ ಇನ್ನೂ ಒಂದು ಕೊರತೆ ಇತ್ತು. ಕಾಗದ ಬಿಚ್ಚಿದ ಕೂಡಲೇ ಆತ ಅಳುತ್ತಿದ್ದ, ತಡೆದುಕೊಂಡದ್ದು ಎಲ್ಲೂ ಕಾಣುತ್ತಿರಲಿಲ್ಲ. ಕತೆಗಾರರೇ ಒಂದು ಸಾಲು ಸೇರಿಸಿದರು: ‘ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮೊದಲ ಸಾಲಿಗೇ ಹೋದ.’ ಅದರ ಮುಂದೆ ‘ಗಳಗಳನೆ ಅತ್ತುಬಿಟ್ಟ’ ಹಾಗೇ ಉಳಿಯಿತು.