ದೊಡ್ಡಿಯ ಲೈಟೂ ಟಗರಮರಿಯೂ

ಲಿಂಗಸುಗೂರು ಕಡೆ ಇರುವ ನಮ್ಮ ಕಾಕಾ, ತೋಳದ ಕಾಟ ಅಂತ ಕುರಿದೊಡ್ಡಿಗೆ ರಾತ್ರಿಯಿಡೀ ಉರಿಯುವ ಎಲ್‌ಇಡಿ ಲೈಟ್ ಹಾಕಿಸಿದ್ದಾರೆ. ಯಾರೋ ಮೊಬೈಲಲ್ಲಿ ಓದಿ ಹೆದರಿಸಿದ್ದಾರೆ. "ಲೈಟ್ ಇದ್ರ ಟಗರಮರಿ ಬೀಜ ಬಲಿಯಾಂಗಿಲ್ಲಂತ, ಖರೇನೇನವ್ವಾ?" ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳುವವಳು ಮನೆಯಲ್ಲಿದ್ದರೆ ಇಂಥವು ತಪ್ಪಲ್ಲ.

ಇದರ ಬೇರು ಮೆಲಟೋನಿನ್ ಅನ್ನೋ ಹಾರ್ಮೋನ್. ಮೆದುಳಿನ ಪೀನಿಯಲ್ ಗ್ರಂಥಿ ಕತ್ತಲಾದಾಗ ಇದನ್ನು ರಕ್ತಕ್ಕೆ ಬಿಡುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ನಿಲ್ಲಿಸುತ್ತದೆ. ರಾತ್ರಿ ಎಷ್ಟು ಉದ್ದ ಅಂತ ಮೈಗೆ ತಿಳಿಯೋದು ಹೀಗೆ.

ಎಳೆಯ ಗಂಡು ಇಲಿಗೆ ದಿನಾ ಸಂಜೆ ಹೊತ್ತಿಗೆ ಮೆಲಟೋನಿನ್ ಚುಚ್ಚಿದರೆ ಪ್ರಾಯಕ್ಕೆ ಬರೋದು ತಡವಾಗುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ, ಬೀಜವನ್ನು ಕೆಲಸಕ್ಕೆ ಹಚ್ಚುವ ಎಲ್‌ಎಚ್ ಹಾರ್ಮೋನ್ ಕಡಿಮೆ ಬರುತ್ತದೆ. ಅದು ಬಾರದಿದ್ದರೆ ಬೀಜದಲ್ಲಿ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಎಲ್ಲಿಂದ ಬರಬೇಕು? ಸೈಬೀರಿಯಾದ ಹ್ಯಾಮ್‌ಸ್ಟರ್ ಅನ್ನೋ ಇಲಿಯಂಥ ಪ್ರಾಣಿಯದ್ದು ಇನ್ನೂ ಮಜಾ. ಹಗಲು ಚಿಕ್ಕದಾಗಿರುವಾಗ ಹುಟ್ಟಿದ ಗಂಡುಮರಿ ತಿಂಗಳುಗಟ್ಟಲೆ ಎಳೆಯದಾಗಿಯೇ ಉಳಿಯುತ್ತದೆ. ಹೊರಗಿನ ಹಗಲಿನ ಸುದ್ದಿ ತಾಯಿಯ ಮೆಲಟೋನಿನ್ ಮೂಲಕ ಹೊಟ್ಟೆಯೊಳಗೇ ಮರಿಗೆ ಮುಟ್ಟಿರುತ್ತದೆ!

ಅಂದರೆ ಇಲಿ ಲೆಕ್ಕದಲ್ಲಿ ಕಾಕಾನ ಭಯ ಉಲ್ಟಾ. ಲೈಟ್ ಹಾಕಿದರೆ ಮೆಲಟೋನಿನ್ ಇಳಿಯುತ್ತದೆ, ಅಡ್ಡಿ ಕಡಿಮೆಯಾಗಬೇಕು, ಅಲ್ವಾ? ಆದರೆ ಕುರಿ ಇಲಿಯಲ್ಲ. ಯುರೋಪಿನ ಕುರಿಗಳು ರಾತ್ರಿ ಉದ್ದವಾದಾಗ ಬೆದೆಗೆ ಬರುತ್ತವೆ. ಅಲ್ಲಿ ಕಿವಿಯ ಬುಡದಲ್ಲಿ 18 ಮಿಲಿಗ್ರಾಂ ಮೆಲಟೋನಿನ್ ಗುಳಿಗೆ ಹುದುಗಿಸುತ್ತಾರೆ. ಮೈಗೆ ರಾತ್ರಿ ಉದ್ದವಾದಂತೆ ಅನಿಸಿ ಬೇಸಿಗೆಯಲ್ಲೂ ಟಗರಿನ ಟೆಸ್ಟೋಸ್ಟಿರಾನ್ ಏರುತ್ತದೆ. ಅದೇ ಹಾರ್ಮೋನ್, ಫಲ ಮಾತ್ರ ತಿರುಗುಮುರುಗು. ಮೊಬೈಲಲ್ಲಿ ಓದಿದವರು ಅರ್ಧ ನಿಜವನ್ನೇ ಹೇಳಿದ್ದಾರೆ, ಬೇರೆ ದೇಶದ ಕುರಿಯದ್ದು.

ಲಂಡನ್ನಿನಲ್ಲಿ ಹಗಲು ಚಳಿಗಾಲಕ್ಕೆ 8 ಗಂಟೆಗೂ ಕಡಿಮೆ, ಬೇಸಿಗೆಗೆ 16 ದಾಟುತ್ತದೆ. ರಾಯಚೂರಲ್ಲಿ ವರ್ಷಪೂರ್ತಿ 11ರಿಂದ 13ರ ಆಸುಪಾಸು. ಇಷ್ಟು ಚೂರು ವ್ಯತ್ಯಾಸ ನಂಬಿಕೊಂಡು ನಮ್ಮ ಕಡೆಯ ಕೆಂಗುರಿ ತಳಿ ಯಾಕೆ ಋತು ಎಣಿಸೀತು? ಇಲ್ಲಿ ಟಗರನ್ನು ಆಳೋದು ಮಳೆ, ಮೇವು. ಟಗರಮರಿ ಪ್ರಾಯಕ್ಕೆ ಬರೋದರಲ್ಲಿ ವಯಸ್ಸಿಗಿಂತ ಮೈತೂಕವೇ ದೊಡ್ಡದು.

ಲೈಟ್ ಇರಲಿ, ಆದರೆ ಬೇಲಿಯ ಕಡೆ ತಿರುಗಿಸಿ ಅಂದೆ. ಕುರಿಗೂ ಕತ್ತಲು ಬೇಕು. ತೊಗರಿ ಹೊಟ್ಟು, ಶೇಂಗಾ ಹೊಟ್ಟು ಸುಗ್ಗಿಯಲ್ಲೇ ಕೂಡಿಟ್ಟುಕೊಳ್ಳಿ ಅಂತಲೂ ಹೇಳಿದೆ. ಏಪ್ರಿಲ್ ಹೊತ್ತಿಗೆ ಅದರ ರೇಟ್ ಕೇಳೋ ಹಾಗಿರಲ್ಲ.